ಚೀಟಿಯ ಹಿಂಬದಿ

ಟೋಕಿಯೋದ ರೈಲುಗಳಲ್ಲಿ, ಪರೀಕ್ಷೆಗಳು ಸಮೀಪಿಸಿದ ಕಾಲದಲ್ಲಿ, ಶಾಲೆಯ ಹುಡುಗರು ಹೆಬ್ಬೆರಳಿನಿಂದ ಮಗುಚುತ್ತ ನಿಲ್ಲುವ ಪುಟ್ಟ ಚೀಟಿಗಳ ಕಟ್ಟೊಂದುಂಟು; ಬೆರಳುದ್ದದ ದಪ್ಪ ಕಾಗದದ ತುಂಡುಗಳಿಗೆ ತುದಿಯಲ್ಲಿ ತೂತು ಕೊರೆದು ಲೋಹದ ಬಳೆಯಲ್ಲಿ ಪೋಣಿಸಿದ ಆ ಸಾಧನಕ್ಕೆ ತಂಗೋಚೋ ಎಂದು ಹೆಸರು. ತಲೆ ನರೆತ ಮೇಲೆ ಆ ದೇಶದಲ್ಲಿ ಅಕ್ಷರಾಭ್ಯಾಸಕ್ಕೆ ತೊಡಗಿದ ನಾನು ಅಂಥದೇ ಕಟ್ಟೊಂದನ್ನು ಹಿಡಿದು ಪಕ್ಕದಲ್ಲಿ ನಿಂತಾಗ ಅವರು ನನ್ನನ್ನು ಕರುಣೆಯಿಂದಲೂ, ನಾನು ಅವರ ಜ್ಞಾಪಕಶಕ್ತಿಯನ್ನು ಅಸೂಯೆಯಿಂದಲೂ ನೋಡುತ್ತಿದ್ದೆವು.

ಯುದ್ಧಾನಂತರ, 1946ರಲ್ಲಿ, ನಿತ್ಯದ ಬಳಕೆಗೆ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳು 1850 ಸಾಕೆಂದು ಅಲ್ಲಿನ ಸರ್ಕಾರ ಪಟ್ಟಿಮಾಡಿತು. ಮಿತಗೊಳಿಸಲೆಂದೇ ಹುಟ್ಟಿದ ಆ ಪಟ್ಟಿ 1981ರಲ್ಲಿ 1945ಕ್ಕೂ, 2010ರಲ್ಲಿ 2136ಕ್ಕೂ ಬೆಳೆದದ್ದು ಸರ್ಕಾರಗಳ ಮಿತವ್ಯಯವನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಆದರೆ ಕಲಿಯುವವನನ್ನು ಕಂಗೆಡಿಸುವುದು ಈ ಸಂಖ್ಯೆಯಲ್ಲ.

ಒಂದೇ ಒಂದು ಚೀಟಿಯನ್ನು ತೆಗೆದುಕೊಳ್ಳೋಣ. ಮೂರು ಅಡ್ಡಗೆರೆ, ಅವನ್ನು ಸೀಳುವ ಒಂದು ನೆಟ್ಟ ಗೆರೆ, ಎಡಕ್ಕೆ ಚಿಕ್ಕದೊಂದು ಓರೆಗೆರೆ: ನೆಲದಿಂದ ಮೇಲೇಳುವ ಮೊಳಕೆಯ ಚಿತ್ರದಿಂದ ಬಂದ, ಒಂದನೆಯ ತರಗತಿಯ ಮಕ್ಕಳೂ ಬರೆಯುವ ಅಕ್ಷರ. ಮೊದಮೊದಲು ನಾನು ಅದರ ಹಿಂಬದಿಯಲ್ಲಿ ‘ಜೀವ, ಜನನ’ ಎಂದು ಬರೆದು ನಿಶ್ಚಿಂತನಾಗಿದ್ದೆ. ಆದರೆ ವಿದ್ಯಾರ್ಥಿ ಎಂಬರ್ಥದ ಗಾಕುಸೇಯಲ್ಲಿ ಅದು ‘ಸೇ’, ಹುಟ್ಟುಹಬ್ಬದ ತಂಜೋಬಿಯಲ್ಲಿ ‘ಜೋ’, ಬದುಕುವುದಕ್ಕೆ ಇಕಿರು ಎನ್ನುವಾಗ ಬರಿಯ ‘ಇ’, ಹಸಿಯಾದುದಕ್ಕೆಲ್ಲ ‘ನಮ’, ಹುಲ್ಲುಹಾಸಿನ ಶಿಬಾಫುವಿನಲ್ಲಿ ‘ಫು’. ತವರಿನಲ್ಲಿ ಪುಟ್ಟಿಯಾಗಿದ್ದವಳು ಅತ್ತೆಮನೆಯಲ್ಲಿ ಸೌಭಾಗ್ಯಮ್ಮನಾಗುವಂತೆ, ಈ ಅಕ್ಷರ ಯಾವ ಮನೆಯಲ್ಲಿದೆಯೆಂದು ತಿಳಿಯದೆ ಅದನ್ನು ಕೂಗುವಂತಿಲ್ಲ. ಅಂದಿನಿಂದ ಒಂಟಿ ಅಕ್ಷರಗಳ ಚೀಟಿಗಳನ್ನು ಬದಿಗಿಟ್ಟು ಪದಗಳನ್ನೇ ಬರೆಯತೊಡಗಿದೆನು.

ಹಾಗೆ ಬರೆಯುತ್ತಿರುವಾಗ, ಗೊಂದಲವೆಂದು ತೋರಿದ್ದು ಚರಿತ್ರೆಯಾಗಿ ಬಿಡಿಸಿಕೊಳ್ಳತೊಡಗಿತು. ಚೀನದಿಂದ ಮೊದಲು ಬಂದ ಉಚ್ಚಾರಗಳನ್ನು ಬೌದ್ಧ ಭಿಕ್ಷುಗಳು ತಮ್ಮ ಪಾಠಗಳಲ್ಲಿ ಭದ್ರವಾಗಿಟ್ಟರು. ‘ಜೋ’ ಆ ವಂಶದ್ದು. ಅನಂತರ ಚೀನದ ಟಾಂಗ್ ಅರಸರ ರಾಜಧಾನಿಗೆ ಹೋಗಿಬಂದ ದೂತರೂ ವಿದ್ವಾಂಸರೂ ತಂದ ಹೊಸ ಉಚ್ಚಾರ ‘ಸೇ’. ಇವೆರಡಕ್ಕೂ ಮುಂಚಿನಿಂದ ಜನರ ನಾಲಗೆಯಲ್ಲಿದ್ದ ದೇಶೀಯ ಪದಗಳು ‘ಇಕಿರು’, ‘ನಮ’. ಹೊಸದು ಬಂದಿತೆಂದು ಹಳೆಯದನ್ನು ಹೊರಗಟ್ಟುವ ಪದ್ಧತಿ ಅಲ್ಲಿಲ್ಲ. ಇಷ್ಟೆಲ್ಲದರ ನಡುವೆ ನಿಘಂಟನ್ನು ತೆರೆದರೆ, ಅದರ ಅನುಕ್ರಮ ಅ ಇ ಉ ಎ ಒ, ಕ ಸ ತ ನ! ಸಂಸ್ಕೃತದ ಧ್ವನಿಗಳನ್ನು ಅಭ್ಯಸಿಸಿದ ಆ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೂ ತಲಪಿತ್ತು; ಪರದೇಶದಲ್ಲಿ ಸೋದರಮಾವನನ್ನು ಕಂಡಷ್ಟು ಹಿಗ್ಗಿದೆನು.

ಆದರೂ ಪಶ್ಚಿಮ ಟೋಕಿಯೋದ ಫುಸ್ಸಾ ಎಂಬ ಊರಿನ ನಿಲ್ದಾಣದಲ್ಲಿ ಅದೇ ಅಕ್ಷರ ‘ಸಾ’ ಆಗಿ ನಿಂತಿತ್ತು. ಕ್ಯೋಟೋದ ಮಿಬುವಿನಲ್ಲಿ ಅದು ‘ಬು’. ಇವಕ್ಕೆ ನನ್ನ ಯಾವ ಚೀಟಿಯೂ ಉತ್ತರ ಕೊಡಲಿಲ್ಲ. ಕೊನೆಗೆ ನನಗೆ ಧೈರ್ಯ ತಂದದ್ದು ಸರ್ಕಾರಿ ಕಚೇರಿಯ ಒಂದು ಅರ್ಜಿ: ಅದರಲ್ಲಿ ಹೆಸರು ಬರೆಯುವ ಸ್ಥಳದ ಮೇಲ್ಗಡೆ, ಆ ಹೆಸರನ್ನು ಹೇಗೆ ಓದಬೇಕೆಂದು ಸರಳಲಿಪಿಯಲ್ಲಿ ತಿಳಿಸಲು ಪ್ರತ್ಯೇಕವಾದ ಒಂದು ಸಾಲು ಬಿಟ್ಟಿದ್ದರು, ಜಪಾನೀಯರಿಗಾಗಿಯೇ.