ಬೂಟು, ಬೆಟ್ಟ ಮತ್ತು ಅಸರ್‌ನ ಹೊತ್ತು

ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಬೆಟ್ಟವೆಂಬುದು ಅಷ್ಟೇನೂ ದೊಡ್ಡ ಸಂಗತಿಯಲ್ಲ. ಶಾಲೆಯ ದಿನಗಳಲ್ಲಿ ನಾವು ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಮುಳ್ಳಯ್ಯನಗಿರಿಯನ್ನು ಏರಿ ಇಳಿದು, ಸಂಜೆಯ ಊಟಕ್ಕೆ ಮನೆ ಸೇರುತ್ತಿದ್ದೆವು. ಹೀಗಿರುವಾಗ ಉದ್ಯೋಗನಿಮಿತ್ತ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಬಂದು ನೆಲೆಸಿದ ನನಗೆ ಇಲ್ಲಿನವರ ಪರ್ವತಪ್ರೇಮವನ್ನು ಕಂಡು ಮೊದಲು ನಗು ಬಂದದ್ದು ಸುಳ್ಳಲ್ಲ. ಬ್ರಿಟನ್ನಿನ ಅತ್ಯುನ್ನತ ಶಿಖರವಾದ ಬೆನ್ ನೆವಿಸ್‌ನ ಎತ್ತರ ಕೇವಲ 1345 ಮೀಟರ್. ಮುಳ್ಳಯ್ಯನಗಿರಿ 1900 ಮೀಟರಿಗೂ ಮಿಗಿಲು. ಗ್ಲಾಸ್ಗೋಕ್ಕೆ ಹತ್ತಿರವಿರುವ ಬೆನ್ ಲೊಮಂಡ್ 974 ಮೀಟರ್ ಎಂದು ಓದಿದ ದಿನವಂತೂ ನಾನು ಮಗನಿಗೆ, "ಇದರ ತುದಿ ನಮ್ಮೂರಿನ ಬಸ್ ನಿಲ್ದಾಣಕ್ಕಿಂತ ಕೆಳಗಿದೆ" ಎಂದು ಹೇಳಿದ್ದೆ. ಮಾತು ನಿಜವೇ ಆಗಿತ್ತು. ಆದರೆ ಆ ನಿಜವೇ ನನ್ನನ್ನು ಮೋಸಗೊಳಿಸಿತು.

ಎತ್ತರದ ಅಂಕಿಯು ಹೇಳದೆ ಬಿಡುವ ವಿಷಯಗಳು ಹಲವಿವೆ. ಈ ಬೆಟ್ಟಗಳು ಭೂಮಧ್ಯರೇಖೆಯಿಂದ 56 ಡಿಗ್ರಿಗಿಂತ ಉತ್ತರದಲ್ಲಿವೆ. ಏರುವ ದಾರಿ ಬಹುತೇಕ ಸಮುದ್ರಮಟ್ಟದಿಂದಲೇ ಆರಂಭವಾಗುತ್ತದೆ. ಅಟ್ಲಾಂಟಿಕ್ ಸಾಗರದಿಂದ ನೇರವಾಗಿ ಬೀಸುವ ಗಾಳಿಗೆ ಇಲ್ಲಿ ತಡೆಯಿಲ್ಲ. 1986ರ ಮಾರ್ಚ್ 20ರಂದು ಕೇರ್ನ್‌ಗಾರ್ಮ್ ಶಿಖರದ ಹವಾಮಾನ ಕೇಂದ್ರವು ಗಂಟೆಗೆ 173 ಮೈಲಿ ವೇಗದ ಗಾಳಿಯನ್ನು ದಾಖಲಿಸಿತು. ಮಳೆ, ಆಲಿಕಲ್ಲು, ಹಿಮ, ಬಿಸಿಲು ಇವೆಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಕಾಣಬಹುದು. ಮೇಲಕ್ಕೆ ಹೋದಂತೆ ಪ್ರತಿ 150 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ. ಕಾರು ನಿಲ್ಲಿಸಿದಲ್ಲಿ ನಾಲ್ಕು ಡಿಗ್ರಿ ಇದ್ದರೆ ತುದಿಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ ಎಂಬುದು ಸರಳ ಲೆಕ್ಕ. ಈ ಲೆಕ್ಕವನ್ನು ನಾನು ಮಾಡಿರಲಿಲ್ಲ.

ನಾನು ಮಾಡಿದ್ದು ಖರೀದಿ. ಡಿಸೆಂಬರ್ ತಿಂಗಳಿಡೀ ರಾತ್ರಿ ಇಶಾ ನಮಾಝಿನ ಬಳಿಕ ಮೊಬೈಲ್ ಹಿಡಿದು ಕುಳಿತು ಜಾಕೆಟ್‌ಗಳನ್ನು ಹೋಲಿಸುತ್ತಿದ್ದೆ. ಕೊನೆಗೆ ಗೋರ್‌ಟೆಕ್ಸ್ ಪದರವಿರುವ ಕೆಂಪು ಜಾಕೆಟ್ ಒಂದನ್ನು ಕೊಂಡೆ. ಅದರ ಬೆಲೆಯನ್ನು ಪತ್ನಿಗೆ ಪೂರ್ತಿಯಾಗಿ ಹೇಳಲಿಲ್ಲ. ಹಣದ ಬಹುಪಾಲು ಅದಕ್ಕೇ ಮುಗಿದ ಕಾರಣ ಬೂಟನ್ನು ಹೊಸದಾಗಿ ಕೊಳ್ಳಲಿಲ್ಲ. ಬೇಸಿಗೆಯ ನಡಿಗೆಗೆ ಬಳಸುತ್ತಿದ್ದ ಮೆದು ಅಟ್ಟೆಯ ಬೂಟೇ ಸಾಕೆಂದುಕೊಂಡೆ. ಹಿಮದ ಮೇಲೆ ಹಿಡಿತಕ್ಕಾಗಿ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಹಲ್ಲುಗಳ ಚೌಕಟ್ಟು, ಅಂದರೆ ಕ್ರಾಂಪಾನ್, ರಿಯಾಯಿತಿಯಲ್ಲಿ ಸಿಕ್ಕಿತೆಂದು ತರಿಸಿಕೊಂಡೆ. ಮಗನಿಗೆ ರಬ್ಬರ್ ಪಟ್ಟಿಗೆ ಸರಪಳಿಯಂತೆ ಪೋಣಿಸಿದ ಸಣ್ಣ ಮೊಳೆಗಳ ಸಾಧನವನ್ನು ಕೊಂಡೆ. ಐಸ್ ಆಕ್ಸ್ ಎಂಬ ಹಿಮದ ಕೊಡಲಿ ವೃತ್ತಿಪರರಿಗೆ ಮಾತ್ರ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಜನವರಿಯ ಮಧ್ಯದ ಒಂದು ಶನಿವಾರ ನಾವಿಬ್ಬರೂ ಲೊಮಂಡ್ ಸರೋವರದ ಪೂರ್ವ ದಂಡೆಯ ರೋವರ್ಡೆನ್ನನ್‌ಗೆ ತಲುಪಿದಾಗ ಬೆಳಗಿನ ಹನ್ನೊಂದು ಗಂಟೆ. ಮಗನಿಗೆ ಆಗ ಹದಿನೈದು ವರ್ಷ. ಬೂಟಿನ ದಾರ ಕಟ್ಟುತ್ತಾ ಅವನು ಕೇಳಿದ: "ಅಬ್ಬಾ, ಮಗ್ರಿಬ್ ನಾಲ್ಕು ಗಂಟೆಗೇ ಅಲ್ಲವೇ?"

"ನಾಲ್ಕು ಹತ್ತಕ್ಕೆ. ನಾವು ಬೇಗ ನಡೆಯುವವರು, ಬಾ" ಎಂದೆ.

ಇಂದು ನೆನೆದರೆ ನಾಚಿಕೆಯಾಗುವುದು ಈ ಮಾತಿಗೆ. ಸೂರ್ಯಾಸ್ತದ ಸಮಯವನ್ನು ನಿಮಿಷ ಸಹಿತ ತಿಳಿದಿರುವ ಜನರು ನಾವು. ಝುಹರ್ ಎಷ್ಟಕ್ಕೆ, ಅಸರ್ ಎಷ್ಟಕ್ಕೆ ಎಂದು ಯಾರಾದರೂ ಕೇಳಿದರೆ ಕ್ಯಾಲೆಂಡರ್ ನೋಡದೆ ಹೇಳುತ್ತೇವೆ. ಬೆಟ್ಟ ಹತ್ತುವವನಿಗೆ ಇದಕ್ಕಿಂತ ಬೆಲೆಬಾಳುವ ತಿಳಿವಳಿಕೆ ಇಲ್ಲ. ಆದರೆ ಆ ತಿಳಿವಳಿಕೆಯನ್ನು ನಾನು ಮುಸಲ್ಲಾದ ಮೇಲೆ ಬಿಟ್ಟು ಬಂದಿದ್ದೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿಕೊಟ್ಟ ಒಂದು ಹಳೆಯ ಲೆಕ್ಕವಿದೆ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಬೆನ್ ಲೊಮಂಡ್ ಏರಲು ಬೇಸಿಗೆಯಲ್ಲೇ ಮೂರು ಗಂಟೆ ಬೇಕು. ಹಿಮದಲ್ಲಿ ಇನ್ನೂ ಹೆಚ್ಚು. ಹನ್ನೊಂದಕ್ಕೆ ಹೊರಟವನು ಕತ್ತಲೆಗೆ ಮೊದಲು ಇಳಿಯುವ ಮಾತೇ ಇಲ್ಲ. ನಮ್ಮ ಬಳಿ ಇದ್ದದ್ದು ಒಂದೇ ಟಾರ್ಚು.

ಕಾಡು ದಾಟಿ ಬಯಲಾದ ಬೆಟ್ಟದ ಭುಜಕ್ಕೆ ಬಂದಾಗ ಆಕಾಶ ತಿಳಿಯಾಗಿತ್ತು. ಕೆಳಗೆ ಸರೋವರ, ಅದರಲ್ಲಿ ದ್ವೀಪಗಳು. ಮನೆಯಲ್ಲಿ ವುಝೂ ಮಾಡಿ ಹೊರಟಿದ್ದೆವು. ಮೊಬೈಲ್ ಖಿಬ್ಲಾ ತೋರಿಸಿತು. ಈ ನಾಡಿನಿಂದ ಅದು ಆಗ್ನೇಯಕ್ಕೆ. ಬಂಡೆಯೊಂದರ ಮರೆಯಲ್ಲಿ ಝುಹರ್ ನಿರ್ವಹಿಸಿದೆವು. ಹಣೆ ಹಿಮಕ್ಕೆ ತಾಗಿದಾಗ ಮಗ ನಕ್ಕುಬಿಟ್ಟ, ನಾನು ಗದರಲಿಲ್ಲ. ಆ ದಿನದ ಒಳ್ಳೆಯ ನೆನಪು ಅದೊಂದೇ. ಅಲ್ಲಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಳಿಗೆ ಮೊಬೈಲ್ ಸತ್ತುಹೋಯಿತು. ನಮ್ಮ ನಕ್ಷೆಯೂ ಅದರೊಳಗೇ ಇತ್ತು.

ತುದಿಗೆ ಮುಂಚಿನ ಏರಿನಲ್ಲಿ ದಾರಿ ಅಂಕುಡೊಂಕಾಗಿ ಹೋಗುತ್ತದೆ. ಚಳಿಗಾಲದಲ್ಲಿ ಆ ಅಂಕುಡೊಂಕು ಹಿಮದಡಿ ಮುಚ್ಚಿಹೋಗಿ ಒಂದೇ ಇಳಿಜಾರಾಗಿರುತ್ತದೆ. ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಆ ಹಿಮ ಗಾಜಿನಷ್ಟು ಗಟ್ಟಿ. ಸುಮಾರು ಒಂದೂಮುಕ್ಕಾಲಿಗೆ, ಅಲ್ಲಿ, ನನ್ನ ಎಡಗಾಲಿನ ಕ್ರಾಂಪಾನ್ ಕಳಚಿತು. ನಾನು ಜಾರಿದೆ. ನಾಲ್ಕೈದು ಮೀಟರ್ ಇರಬಹುದು, ಹೆಚ್ಚಿಲ್ಲ. ಹಿಮದಿಂದ ತಲೆಯೆತ್ತಿದ್ದ ಕಲ್ಲೊಂದಕ್ಕೆ ಸೊಂಟ ಬಡಿದು ನಿಂತೆ. ಕಲ್ಲಿನ ಕೆಳಗೆ ಇಳಿಜಾರು ಹಾಗೆಯೇ ಮುಂದುವರಿದಿತ್ತು. ಮೇಲೆ ನೋಡಿದರೆ ಮಗ ನನ್ನತ್ತ ಇಳಿಯಲು ಹೆಜ್ಜೆಯೆತ್ತಿದ್ದಾನೆ. ಅವನ ಕಾಲಿಗಿದ್ದದ್ದು ಆ ಸಣ್ಣ ಮೊಳೆಗಳು. ಅವು ಸಮತಟ್ಟು ಹಾದಿಯ ಮಂಜುಗಡ್ಡೆಗೆ ಸಾಕು, ಇಂತಹ ಇಳಿಜಾರಿಗಲ್ಲ. "ನಿಲ್ಲು!" ಎಂದು ಕಿರುಚಿದೆ. ನನ್ನ ಬಾಯಿಂದ ಅಂತಹ ಸ್ವರ ಬರುವುದೆಂದು ನನಗೇ ತಿಳಿದಿರಲಿಲ್ಲ. ಅವನು ನಿಂತ. ಅಳುತ್ತಿದ್ದ.

ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ತುದಿಯಿಂದ ಹಿಂದಿರುಗುತ್ತಿದ್ದ ಎಪ್ಪತ್ತರ ಹತ್ತಿರದ ಮಹಿಳೆಯೊಬ್ಬರು ನಮ್ಮನ್ನು ಕಂಡರು. ಅವರ ಜಾಕೆಟ್ ಬಣ್ಣಗೆಟ್ಟು, ಮೊಣಕೈಯಲ್ಲಿ ತೇಪೆ ಹಾಕಿತ್ತು. ನನ್ನ ಕೆಂಪು ಜಾಕೆಟನ್ನು ಅವರು ನೋಡಲೇ ಇಲ್ಲ. ಬಾಗಿ ನನ್ನ ಬೂಟಿನ ಮುಂಭಾಗವನ್ನು ಹಿಡಿದು ಮೇಲಕ್ಕೆ ಮಡಿಸಿದರು. ಅದು ಸಲೀಸಾಗಿ ಬಾಗಿತು. "ಇದೇ ಕಾರಣ" ಎಂದಷ್ಟೇ ಹೇಳಿದರು. ಬಳಿಕ ತಮ್ಮ ಕೊಡಲಿಯಿಂದ ಹಿಮದಲ್ಲಿ ಒಂದೊಂದೇ ಮೆಟ್ಟಿಲು ಕಡಿಯುತ್ತಾ, ಮೊದಲು ಮಗನನ್ನು, ನಂತರ ನನ್ನನ್ನು ಮೃದು ಹಿಮವಿರುವ ಕಡೆಗೆ ಇಳಿಸಿದರು. ಇಳಿಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು: "ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ನಿಶ್ಚಯಿಸಿದ್ದಿರಿ?" ನನ್ನ ಬಳಿ ಉತ್ತರವಿರಲಿಲ್ಲ. ಕಾಡಿನ ಅಂಚಿನಲ್ಲಿ ನಾವು ಅಸರ್ ನಿರ್ವಹಿಸುವಷ್ಟು ಹೊತ್ತು ಅವರು ದೂರದಲ್ಲಿ ನಿಂತು ಕಾದರು, ನಂತರ ಕಾರಿನವರೆಗೂ ಜೊತೆಗೆ ಬಂದರು. ಹೆಸರು ಕೇಳಲು ನೆನಪಾಗಲಿಲ್ಲ. ಅವರಿಗಾಗಿ ಇಂದಿಗೂ ದುಆ ಮಾಡುತ್ತೇನೆ.

ಮನೆಯ ದಾರಿಯಲ್ಲಿ ಮಗ ಬಹಳ ಹೊತ್ತು ಮಾತಾಡಲಿಲ್ಲ. ನಗರದ ದೀಪಗಳು ಕಾಣತೊಡಗಿದಾಗ ಹೇಳಿದ: "ನೀವು ಬಿದ್ದಾಗ, ಅಮ್ಮಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ."

ಆ ರಾತ್ರಿ ಪತ್ನಿಗೆ ಎಲ್ಲವನ್ನೂ ಹೇಳಿದೆ, ಜಾಕೆಟಿನ ಬೆಲೆಯನ್ನೂ ಸೇರಿಸಿ. ಅವಳು ಬೆಟ್ಟಕ್ಕೆ ಹೋಗಬೇಡಿ ಎನ್ನಲಿಲ್ಲ. "ಕಲಿತು ಹೋಗಿ" ಎಂದಳು. ಮುಂದಿನ ಚಳಿಗಾಲದ ಆರಂಭದಲ್ಲಿ ನಾನೂ ಮಗನೂ ಎರಡು ದಿನಗಳ ತರಬೇತಿಗೆ ಸೇರಿದೆವು.

ಅಲ್ಲಿ ಕಲಿತದ್ದರಲ್ಲಿ ಸಲಕರಣೆಗಳ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಈ ನಾಡಿಗೆ ಓದಲು, ದುಡಿಯಲು ಬರುವ ನಮ್ಮ ಮಕ್ಕಳು ನಾನು ಮಾಡಿದ ತಪ್ಪನ್ನೇ ಮಾಡುತ್ತಿರುವುದನ್ನು ಕಾಣುತ್ತೇನೆ. ಆಯ್ಕೆ ಬೂಟಿನಿಂದ ಆರಂಭವಾಗಬೇಕು. ಇಲ್ಲಿ ಬೂಟುಗಳನ್ನು ಅವುಗಳ ಗಡಸುತನದ ಪ್ರಕಾರ ಬಿ0ಯಿಂದ ಬಿ3ರವರೆಗೆ, ಕ್ರಾಂಪಾನ್‌ಗಳನ್ನು ಸಿ1ರಿಂದ ಸಿ3ರವರೆಗೆ ವಿಂಗಡಿಸುತ್ತಾರೆ. ಬಿ0 ಎಂದರೆ ಕ್ರಾಂಪಾನ್ ಕಟ್ಟಲೇ ಬಾರದ ಬೂಟು, ನನ್ನದು ಅದೇ. ಬಿ1ಕ್ಕೆ ಪಟ್ಟಿಗಳಿಂದ ಕಟ್ಟುವ ಸಿ1 ಹೊಂದುತ್ತದೆ. ಸಿ2ರ ಹಿಂಭಾಗದಲ್ಲಿ ಒಂದು ಸನ್ನೆಯಿರುತ್ತದೆ, ಅದು ಕಚ್ಚಿಕೊಳ್ಳಲು ಬೂಟಿನ ಹಿಮ್ಮಡಿಯಲ್ಲಿ ಗಟ್ಟಿಯಾದ ಅಂಚಿರಬೇಕು. ಹಾಗಾಗಿ ಅದಕ್ಕೆ ಬಿ2 ಬೇಕು. ನಾನು ಮೆದು ಬೂಟಿಗೆ ಸಿ2ನ್ನು ಬಲವಂತವಾಗಿ ಬಿಗಿದಿದ್ದೆ. ಕಾಲು ಬಾಗಿದಾಗಲೆಲ್ಲ ಬೂಟು ಬಾಗಿತು, ಉಕ್ಕು ಬಾಗಲಿಲ್ಲ, ಸನ್ನೆ ಬಿಟ್ಟಿತು. ಇದರಲ್ಲಿ ವಿಧಿಯನ್ನು ದೂರುವಂತಹದ್ದೇನೂ ಇರಲಿಲ್ಲ. ಕ್ರಾಂಪಾನ್ ಕಟ್ಟುವ ಜಾಗಕ್ಕೆ ಕೊಡಲಿಯೂ ಜೊತೆಗಿರಲೇಬೇಕು. ಜಾರಿದಾಗ ಅದರ ಮೊನೆಯನ್ನು ಹಿಮಕ್ಕೆ ಒತ್ತಿ, ಮೈಭಾರವನ್ನು ಅದರ ಮೇಲೆ ಹಾಕಿ ನಿಲ್ಲಲು ಕಲಿಯಬೇಕು. ಅಪಾಯವಿಲ್ಲದ ದಿಣ್ಣೆಯಲ್ಲಿ ನಾವು ಇಡೀ ಬೆಳಿಗ್ಗೆ ಜಾರಿ ಜಾರಿ ಅಭ್ಯಾಸ ಮಾಡಿದೆವು. ಇವೆರಡೂ ಬಾಡಿಗೆಗೆ ಸಿಗುತ್ತವೆ, ಮೊದಲ ವರ್ಷವೇ ಕೊಳ್ಳಬೇಕಾಗಿಲ್ಲ.

ಬಟ್ಟೆಯ ವಿಷಯದಲ್ಲಿ ಹತ್ತಿಯೇ ಮೊದಲ ಶತ್ರು. ನಮ್ಮ ಊರಿಗೆ ವರವಾದ ಹತ್ತಿ ಇಲ್ಲಿ ಬೆವರನ್ನೂ ಮಳೆಯನ್ನೂ ಹೀರಿ ಮೈಗೆ ತಣ್ಣಗೆ ಅಂಟುತ್ತದೆ. ಒಮ್ಮೆ ತಗ್ಗಿನ ಹಾದಿಯಲ್ಲೇ ಪತ್ನಿಯ ಹತ್ತಿಯ ದುಪ್ಪಟ್ಟಾ ಒದ್ದೆಯಾಗಿ ಕುತ್ತಿಗೆಯ ಸುತ್ತ ಸೆಟೆದುಕೊಂಡಿತ್ತು. ಈಗ ಅವಳು ತೆಳ್ಳಗಿನ ಉಣ್ಣೆಯದನ್ನು ಸುತ್ತಿಕೊಳ್ಳುತ್ತಾಳೆ, ನಮ್ಮ ಸಹೋದರಿಯರು ಇದನ್ನು ಗಮನಿಸಲಿ. ಮೈಗೆ ತಾಗಿ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಎಲ್ಲಕ್ಕೂ ಹೊರಗೆ ಗಾಳಿ ಮಳೆ ತಡೆಯುವ ಪದರ. ಹಕ್ಕಿಯ ತುಪ್ಪಳ ತುಂಬಿದ ಜಾಕೆಟ್ ಒಣ ಚಳಿಗೆ ಶ್ರೇಷ್ಠವಾದರೂ ಒದ್ದೆಯಾದರೆ ಮುದುಡಿಹೋಗುತ್ತದೆ. ಸ್ಕಾಟ್ಲೆಂಡಿನ ಚಳಿ ಒದ್ದೆ ಚಳಿ, ಆದುದರಿಂದ ಕೃತಕ ನಾರು ತುಂಬಿದ್ದೇ ಮೇಲು. ಕೈಗವಸು ಕನಿಷ್ಠ ಎರಡು ಜೊತೆ ಇರಬೇಕು, ಗಾಳಿ ಒಂದನ್ನು ಕಸಿದುಕೊಂಡೇ ತೀರುತ್ತದೆ. ಕಾಗದದ ನಕ್ಷೆ, ದಿಕ್ಸೂಚಿ, ತಲೆಗೆ ಕಟ್ಟುವ ದೀಪ ತಲಾ ಒಂದು. ಒಂದು ಸೀಟಿ: ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ನಿಲ್ಲಿಸುವುದು ಇಲ್ಲಿ ಸಹಾಯ ಬೇಡುವ ಸಂಕೇತ. ಅದನ್ನು ಕೇಳಿ ಬರುವ ಪರ್ವತ ರಕ್ಷಣಾ ತಂಡಗಳವರು ಸ್ವಯಂಸೇವಕರು, ಬಿಡಿಗಾಸನ್ನೂ ಪಡೆಯುವುದಿಲ್ಲ. ಹಿಮಪಾತದ ಮುನ್ಸೂಚನೆಯನ್ನೂ ಚಳಿಗಾಲದಲ್ಲಿ ಗ್ಲೆಂಕೋ, ಲೊಕಾಬರ್ ಮುಂತಾದ ಆರು ಪ್ರದೇಶಗಳಿಗೆ ಪ್ರತಿದಿನ ಉಚಿತವಾಗಿಯೇ ಪ್ರಕಟಿಸುತ್ತಾರೆ.

ಬೂಟಿನ ಬಗ್ಗೆ ಇನ್ನೊಂದು ಮಾತು. ಕಣಕಾಲು ಮುಚ್ಚುವ ಪಾದರಕ್ಷೆಯನ್ನು ವುಝೂ ಇರುವಾಗ ಧರಿಸಿದವರು ಮುಂದಿನ ವುಝೂವಿನಲ್ಲಿ ಕಾಲು ತೊಳೆಯದೆ ಅದರ ಮೇಲೆ ಒದ್ದೆ ಕೈ ಸವರಬಹುದು. ಊರಲ್ಲಿರುವವರಿಗೆ ಒಂದು ಹಗಲು ರಾತ್ರಿ, ಪ್ರಯಾಣಿಕರಿಗೆ ಮೂರು. ಮದ್ರಸದಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ಚಿಕ್ಕಮಗಳೂರಿನ ಹುಡುಗರಾದ ನಮಗೆ ಇದರ ಅಗತ್ಯವೇ ಹೊಳೆದಿರಲಿಲ್ಲ. ಮೈನಸ್ ಐದು ಡಿಗ್ರಿಯ ಗಾಳಿಯಲ್ಲಿ ಬೂಟು ಬಿಚ್ಚಬೇಕಾಗಿಲ್ಲವೆಂದಾಗ ಈ ರಿಯಾಯಿತಿಯ ಕರುಣೆ ಕಾಲಿಗೇ ಅರ್ಥವಾಯಿತು.

ತರಬೇತಿಯ ಎರಡನೆಯ ಸಂಜೆ ಶಿಕ್ಷಕರು 1971ರ ನವೆಂಬರಿನ ದುರಂತವನ್ನು ವಿವರಿಸಿದರು. ಎಡಿನ್‌ಬರೋದಿಂದ ಬಂದ ಶಾಲಾ ಮಕ್ಕಳ ಒಂದು ಗುಂಪು ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ, ತಲುಪಬೇಕೆಂದುಕೊಂಡಿದ್ದ ಗುಡಿಸಲನ್ನು ತಲುಪಲಾರದೆ ಬಯಲಲ್ಲೇ ಉಳಿಯಿತು. ಐವರು ಮಕ್ಕಳು ಮತ್ತು ಹದಿನೆಂಟರ ಒಬ್ಬ ಸಹಾಯಕಿ, ಒಟ್ಟು ಆರು ಮಂದಿ ಮರಣ ಹೊಂದಿದರು. ಶಿಕ್ಷಕರು ಇಷ್ಟನ್ನೇ ಹೇಳಿ ಸುಮ್ಮನಾದರು. ನಾನು ಮಗನ ಮುಖ ನೋಡಲಿಲ್ಲ.

ಈ ಬೆಟ್ಟಗಳು ನಮಗೆ ತೀರಾ ಅಪರಿಚಿತವೂ ಅಲ್ಲ. 1867ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಲೇಡಿ ಎವೆಲಿನ್ ಕಾಬೋಲ್ಡ್ ಇಸ್ಲಾಮ್ ಸ್ವೀಕರಿಸಿ ಝೈನಬ್ ಎಂಬ ಹೆಸರು ಪಡೆದವರು. 1933ರಲ್ಲಿ, ಅರುವತ್ತೈದು ದಾಟಿದ ವಯಸ್ಸಿನಲ್ಲಿ ಹಜ್ಜ್ ನಿರ್ವಹಿಸಿದರು. ಉತ್ತರದ ಗ್ಲೆನ್‌ಕ್ಯಾರನ್ ಬೆಟ್ಟಗಳಲ್ಲಿ ಜಿಂಕೆ ಬೇಟೆಯಾಡುತ್ತಿದ್ದ ಗಟ್ಟಿಗಿತ್ತಿ. 1963ರ ಜನವರಿಯ ಕೊರೆಯುವ ಚಳಿಯಲ್ಲಿ, ಅವರ ಇಚ್ಛೆಯಂತೆ, ದೂರದ ವೋಕಿಂಗ್ ಮಸೀದಿಯಿಂದ ಇಮಾಮರು ಬಂದು ಅದೇ ಬೆಟ್ಟದ ಮಗ್ಗುಲಲ್ಲಿ ಅವರನ್ನು ಖಿಬ್ಲಾದ ಕಡೆ ಮುಖ ಮಾಡಿ ದಫನ ಮಾಡಿದರು. ಒಂದು ಬೇಸಿಗೆಯಲ್ಲಿ ಕುಟುಂಬ ಸಮೇತ ಅಲ್ಲಿಗೆ ಹೋಗಬೇಕೆಂಬ ಆಸೆಯಿದೆ.

ತರಬೇತಿಯ ಬಳಿಕ, ಅದೇ ಚಳಿಗಾಲದ ಫೆಬ್ರವರಿಯಲ್ಲಿ ನಾವಿಬ್ಬರೂ ಮತ್ತೆ ಬೆನ್ ಲೊಮಂಡ್‌ಗೆ ಹೋದೆವು. ಫಜ್ರ್ ಮುಗಿಸಿ ಹೊರಟು ಎಂಟೂವರೆಗೆ ನಡಿಗೆ ಆರಂಭಿಸಿದೆವು. ಬಿ2 ಬೂಟು, ಬಾಡಿಗೆಯ ಕ್ರಾಂಪಾನ್ ಮತ್ತು ಕೊಡಲಿ. ಹಿಂದಿರುಗುವ ಗಂಟೆಯನ್ನು ಮಗನೇ ನಿಶ್ಚಯಿಸಿ ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ: 12.30. ಮೆದು ಹಿಮ ಮೊಣಕಾಲಿನವರೆಗೆ ಇದ್ದುದರಿಂದ ನಡಿಗೆ ಬಹಳ ನಿಧಾನವಾಯಿತು. ಹೋದ ವರ್ಷದ ಆ ಕಲ್ಲನ್ನು ದಾಟಿ, ಕಿರಿದಾದ ತುದಿಯ ಏಣು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಮಗ ಗಡಿಯಾರ ನೋಡಿ ನಿಂತ.

"ಅಬ್ಬಾ, ಹನ್ನೆರಡೂವರೆ."

ಇನ್ನು ಇಪ್ಪತ್ತು ನಿಮಿಷ ಸಾಕಿತ್ತು. ಗಾಳಿ ಇರಲಿಲ್ಲ, ಬೆಳಕು ಧಾರಾಳವಾಗಿತ್ತು. ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಸರಿ, ಇಳಿಯೋಣ" ಎಂದೆ.

ಕಳೆದ ವರ್ಷ ನಿಂತ ಬಂಡೆಯ ಮರೆಯಲ್ಲೇ ಝುಹರ್ ನಿರ್ವಹಿಸಿ, ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಸಂಜೆ ಊರಿನಿಂದ ತಾಯಿಯವರ ಫೋನು ಬಂತು. "ತುದಿ ಮುಟ್ಟಿದಿರಾ?" ಎಂದು ಕೇಳಿದರು. ಮಗನೇ ಉತ್ತರಿಸಿದ: "ಇಲ್ಲ ದಾದೀ, ಅಸರ್‌ಗೆ ಮನೆಯಲ್ಲಿದ್ದೆವು."