ತುಪ್ಪಟ ಸರಿಸಿ ನೋಡುವ ಸುಖ

ಬಕ್ರೀದ್ ಹತ್ತಿರವಾದರೆ ಬೆಂಗಳೂರಿನ ಬೆನ್ಸನ್ ಟೌನಿನ ಖುದ್ದೂಸ್ ಸಾಹೇಬ್ ಈದ್ಗಾ ಕಡೆಗೆಲ್ಲ ಟಗರುಗಳದೇ ಗದ್ದಲ. ಕೊಳ್ಳುವವರು ಕೊಂಬು ನೋಡುತ್ತಾರೆ, ಹಲ್ಲು ನೋಡುತ್ತಾರೆ, ಬೆನ್ನು ಹಿಚುಕಿ ತೂಕ ಅಂದಾಜು ಮಾಡುತ್ತಾರೆ. ಮೈಮೇಲಿನ ಕೂದಲು ಸರಿಸಿ ಚರ್ಮ ನೋಡುವವರು ಅಪರೂಪ. ಕುರಿಯ ವಿಷಯದಲ್ಲಿ ಅದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಲೆಕ್ಕ. ಗೂಟಕ್ಕೆ ಮೈ ಉಜ್ಜುವ ಕುರಿ ಕಂಡ ಕೂಡಲೇ ‘ಒಂದು ಐವರ್‌ಮೆಕ್ಟಿನ್ ಚುಚ್ಚಿಬಿಡಿ’ ಅನ್ನುವುದು ಈಗಿನ ರೂಢಿ. ಔಷಧದ ಮೇಲೆ ನನಗೆ ತಕರಾರಿಲ್ಲ; ಜಪಾನಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಹುಟ್ಟಿ, ಕಂಡುಹಿಡಿದವರಿಗೆ 2015ರ ನೊಬೆಲ್ ತಂದ ಮದ್ದು ಅದು. ತಕರಾರು ಇರುವುದು ನೋಡದೆ ಚುಚ್ಚುವುದರ ಮೇಲೆ.

ಏಕೆಂದರೆ ತುರಿಕೆ ಒಂದೇ ಆದರೂ ತುರಿಸುವ ಹುಳ ಒಂದೇ ಅಲ್ಲ. ಕಂಬಳಿಗೆ ಉಣ್ಣೆ ಕೊಡುವ ಡೆಕ್ಕನಿ ಕುರಿಯ ತುಪ್ಪಟವನ್ನು ಬಿಸಿಲಿಗೆ ಹಿಡಿದು ಬಿಡಿಸಿದರೆ, ಗೋಧಿಬಣ್ಣದ ಮೈ, ಕಂದು ತಲೆಯ ಹೇನುಗಳು ಬೆಳಕು ತಾಳದೆ ಒಳಕ್ಕೆ ಓಡುತ್ತವೆ. ಇವು ರಕ್ತ ಕುಡಿಯುವುದಿಲ್ಲ, ಚರ್ಮದ ಹೊಟ್ಟು ಮೆಲ್ಲುತ್ತವೆ. ಹಾಗಾಗಿ ರಕ್ತಕ್ಕೆ ಸೇರಿದ ಚುಚ್ಚುಮದ್ದು ಇವಕ್ಕೆ ಸರಿಯಾಗಿ ತಾಗುವುದೇ ಇಲ್ಲ. ಬೆನ್ನ ಮೇಲೆ ಡೆಲ್ಟಾಮೆಥ್ರಿನ್‌ನಂಥ ಔಷಧ ಬೀಳಬೇಕು. ಸೀರು ಸಾಯದ ಕಾರಣ ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಉಣುಗಾದರೆ ಕಿವಿಯೊಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಹೆಸರುಕಾಳಿನಂತೆ ಉಬ್ಬಿ ಕಚ್ಚಿಕೊಂಡಿರುತ್ತದೆ. ಕಜ್ಜಿಯ ನುಸಿಯದೇ ಸ್ವಾರಸ್ಯ. ಗಾಯದ ನಡುವಿನ ದಪ್ಪ ಹಕ್ಕಳೆ ಕೆರೆದರೆ ಏನೂ ಸಿಗದು, ಅದು ಖಾಲಿ ಮಾಡಿದ ಮನೆ. ಹೊಸದಾಗಿ ಕೆಂಪಾದ ಅಂಚಿನಲ್ಲಿ, ರಕ್ತ ತುಸು ಜಿನುಗುವವರೆಗೆ ಹೆರೆದು, ಲಿಕ್ವಿಡ್ ಪ್ಯಾರಾಫಿನ್ ತೊಟ್ಟಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ ಸೋರಾಪ್ಟಿಸ್ ಎಂಬ ನುಸಿ ಉದ್ದ ಕಾಲು ಚಾಚಿಕೊಂಡು ತೆವಳುತ್ತಿರುತ್ತದೆ. ಮೊಂಡುಗಾಲಿನ ಸಾರ್ಕಾಪ್ಟಿಸ್ ಚರ್ಮದೊಳಗೇ ಬಿಲ ತೋಡುವಂಥದ್ದು, ಅದಕ್ಕೆ ಕೂದಲು ಕಡಿಮೆಯಿರುವ ಮುಖ, ಕಿವಿಯೇ ಇಷ್ಟ. ಇವೆರಡಕ್ಕೂ ಐವರ್‌ಮೆಕ್ಟಿನ್ ನಿಜಕ್ಕೂ ಹಿಡಿಯುತ್ತದೆ: ಶೇ. 1ರ ದ್ರಾವಣವಾದರೆ 50 ಕೆ.ಜಿ. ತೂಕಕ್ಕೆ 1 ಮಿ.ಲೀ., ಚರ್ಮದಡಿಗೆ; ಸೋರಾಪ್ಟಿಸ್‌ಗೆ ವಾರ, ಹತ್ತು ದಿನ ಬಿಟ್ಟು ಇನ್ನೊಮ್ಮೆ.

ನೂರು ಕುರಿ ಮೇಯಿಸುವವನು ಒಂದೊಂದರ ಮೈ ಹುಡುಕುತ್ತ ಕೂರಲಾದೀತೇ, ಎಂದು ಕೇಳಬಹುದು. ಬೇಕಿಲ್ಲ. ಉಜ್ಜಿಕೊಳ್ಳುವ ನಾಲ್ಕಾರು ಕುರಿಗಳನ್ನು ಹಿಡಿದು ನೋಡಿದರೂ ಮಂದೆಯ ಸುದ್ದಿ ತಿಳಿಯುತ್ತದೆ; ಮದ್ದು ಮಾತ್ರ ಇಡೀ ಮಂದೆಗೆ. ಸೂಕ್ಷ್ಮದರ್ಶಕ ಎಲ್ಲಿಂದ ತರುವುದು ಅನ್ನುವವರಿಗೆ, ನಗರದ ಮಟ್ಟಿಗಂತೂ, ಹೆಬ್ಬಾಳದ ಪಶುವೈದ್ಯ ಕಾಲೇಜು ಹತ್ತಿರವೇ ಇದೆ. ‘ಹೇಗೂ ನಾಳೆ ಕೊಯ್ಯುವ ಕುರಿ’ ಎಂಬ ವಾದ ಕೇಳಲಿಕ್ಕೆ ಸಲೀಸು, ಆದರೆ ಚುಚ್ಚಿದವನಿಗೇ ಅದು ತಿರುಗುಬಾಣ: ಔಷಧ ಮಾಂಸದಿಂದ ಇಳಿದುಹೋಗಲು ವಾರಗಟ್ಟಲೆ ಬೇಕು, ಬಾಟಲಿಯ ಮೇಲೇ ಆ ಗಡುವು ಬರೆದಿರುತ್ತದೆ. ಜೊತೆಗೆ, ಬೇಕಿಲ್ಲದೆ ಪದೇಪದೇ ಕೊಟ್ಟರೆ ಹೊಟ್ಟೆಯ ಜಂತುಹುಳಗಳು ಅದೇ ಮದ್ದಿಗೆ ಬಗ್ಗದಂತಾಗುತ್ತವೆ. ಇನ್ನು ಸೋರಾಪ್ಟಿಸ್ ಕುರಿಯ ಮೈ ಬಿಟ್ಟೂ ಎರಡು ವಾರದಷ್ಟು ಬದುಕಬಲ್ಲದು. ಕುರಿ ಮೈ ಉಜ್ಜಿದ ಗೂಟವನ್ನೂ ಒಮ್ಮೆ ನೋಡುವುದು ಒಳ್ಳೆಯದು.