ಗೀರೂ ಸ್ವಚ್ಛ ಕಾಣತಾವ!

ಹೂವಿನ ಹಿಪ್ಪರಗಿಯ ನಿವೃತ್ತ ಮಾಸ್ತರರೊಬ್ಬರಿಗೆ ಸಿನಿಮಾ ತಟ್ಟೆಗಳ ಹುಚ್ಚು. ಒಂದೇ ಚಿತ್ರದ ವಿಸಿಡಿ, ಡಿವಿಡಿ, ಬ್ಲೂ-ರೇ ಮೂರೂ ಸಿಕ್ಕರೆ ಮುಗಿಯಿತು, ಒಂದಾದ ಮೇಲೊಂದು ಹಾಕಿ ಹೋಲಿಸುತ್ತ ಕೂಡುತ್ತಾರೆ. ನೆರೆಯ ಹುಡುಗರಿಗೆ ಲೆಕ್ಕವನ್ನೂ ಒಪ್ಪಿಸುತ್ತಾರೆ: ವಿಸಿಡಿಯಲ್ಲಿ ಅಡ್ಡ 352, ಲಂಬ 288, ಅಂದರೆ ಸುಮಾರು 1 ಲಕ್ಷ ಚುಕ್ಕೆ. ಡಿವಿಡಿಯಲ್ಲಿ 4 ಲಕ್ಷ. 2006ರಲ್ಲಿ ಬಂದ ಬ್ಲೂ-ರೇಯಲ್ಲಿ 20 ಲಕ್ಷಕ್ಕೂ ಹೆಚ್ಚು. ವಿಸಿಡಿಯಲ್ಲಿ ಕಲಸಿದ ಹಿಟ್ಟಿನಂತಿದ್ದ ಜೋಳದ ಹೊಲ ಬ್ಲೂ-ರೇಯಲ್ಲಿ ತೆನೆತೆನೆಯಾಗಿ ನಿಲ್ಲುತ್ತದೆ.

"ಹಂಗಾರ ಹಳೇ ಕನ್ನಡ ಚಿತ್ರ ಎಲ್ಲಾ ಬ್ಲೂ-ರೇಕ್ಕ ಹಾಕಿದ್ರ ಆತಲ್ರಿ?" ಎಂದನಂತೆ ಒಬ್ಬ ಹುಡುಗ.

"ಸವದ ಪ್ರಿಂಟ್ ಹಾಕಿದ್ರ ಗೀರೂ ಸ್ವಚ್ಛ ಕಾಣತಾವ, ತಮ್ಮಾ!"

ಮಾತು ನಿಜ. ತಟ್ಟೆ ಬರೀ ಪಾತ್ರೆ. ರುಚಿ ಇರುವುದು ಮೂಲ ಫಿಲ್ಮಿನಲ್ಲಿ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' 4ಕೆ ರೂಪದಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಸ್. ರಾಮಚಂದ್ರ ಸೆರೆಹಿಡಿದ ಕಪ್ಪು-ಬಿಳುಪಿನ ನೆರಳುಗಳಿಗೆ ಮತ್ತೆ ಜೀವ ಬಂದದ್ದು ಫಿಲ್ಮನ್ನು ಯಾರೋ ಜೋಪಾನ ಮಾಡಿದ್ದರಿಂದ.

ನೆಗೆಟಿವ್ ಕೊಳೆತು, ಕಳೆದುಹೋದ ಚಿತ್ರಗಳಿಗೆ ಆ ಭಾಗ್ಯವಿಲ್ಲ. ಇಲ್ಲದ್ದನ್ನು 20 ಲಕ್ಷ ಚುಕ್ಕೆಗಳೂ ತಂದುಕೊಡಲಾರವು. ಅಂಥ ಚಿತ್ರದ ಕೊನೆಯ ಗುರುತು ಯಾರದೋ ಅಟ್ಟದ ಮೇಲಿನ ಮಸುಕು ವಿಸಿಡಿಯೇ ಆಗಿರಬಹುದು. ಗುಜರಿಯವನಿಗೆ ತೂಗಿ ಕೊಡುವ ಮುನ್ನ ಮೇಲಿನ ಹೆಸರನ್ನಾದರೂ ಒಮ್ಮೆ ಓದಬೇಕು.